ಸೂಜಿ ದಾರ: ಟ್ರಂಕಿನ ಸ್ಕಾರ್ಫು ತಲೆಗೇರಿದ ಮೇಲೆ

ಎರಡು ತಿಂಗಳ ಹಿಂದೆ ರವಿಕೆಯ ಕಂಕುಳು ಏಕೆ ಎಳೆಯುತ್ತದೆ ಎಂದು ವಿವರಿಸುತ್ತ, ಮಾತಿಗೆ ಮಾತು ಬಂದು, ನಾನು ದಿನವೂ ತಲೆಗೊಂದು ಹಳೆಯ ಸ್ಕಾರ್ಫು ಕಟ್ಟಿಕೊಂಡೇ ನನ್ನ ಹೊಲಿಗೆ ಅಂಗಡಿಯ ಬಾಗಿಲು ತೆರೆಯುತ್ತೇನೆ ಎಂದು ಬರೆದಿದ್ದೆ. ಕಂಕುಳಿನ ಬಗ್ಗೆ ಒಂದೇ ಒಂದು ಪತ್ರ ಬರಲಿಲ್ಲ. ಸ್ಕಾರ್ಫಿನ ಬಗ್ಗೆ ಬಂದ ಪತ್ರಗಳನ್ನು ಸಂಪಾದಕರು ದಾರದಲ್ಲಿ ಕಟ್ಟು ಕಟ್ಟಿ ಕಾಸರಗೋಡಿಗೆ ಕಳುಹಿಸಿದ್ದಾರೆ. ಕೆಲವರು ಫೋಟೊ ಇಟ್ಟಿದ್ದಾರೆ, ಒಬ್ಬರಂತೂ ಸ್ಕಾರ್ಫನ್ನೇ ಇಟ್ಟಿದ್ದಾರೆ. (ಜೋಪಾನವಾಗಿದೆ ತಂಗೀ, ಅಂಚು ಹೊಲಿದು ವಾಪಸು ಕಳುಹಿಸುತ್ತೇನೆ.) ಹಾಗಾಗಿ ಈ ಸಲ ಪೂರ್ತಿ ತಲೆಯ ವಿಚಾರ. ರವಿಕೆಯವರು ಕ್ಷಮಿಸಬೇಕು.

*

ಅಕ್ಕಾ, ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ನಾಲ್ಕು ಸ್ಕಾರ್ಫುಗಳು ಸಿಕ್ಕಿದವು. ಅಜ್ಜ ಹಡಗಿನಲ್ಲಿ ಕೆಲಸಕ್ಕಿದ್ದರು. ಒಂದರ ಮೇಲೆ ಒಂಟೆ, ಖರ್ಜೂರದ ಮರ, 'ಏಡನ್' ಎಂಬ ಬರಹ. ಇನ್ನೊಂದರ ಮೂಲೆಯಲ್ಲಿ 'ಮೇಡ್ ಇನ್ ಜಪಾನ್' ಎಂಬ ಚೀಟಿ. ರೇಷ್ಮೆಯೋ ನೈಲಾನೋ ತಿಳಿಯುತ್ತಿಲ್ಲ. ಕಾಲೇಜಿನ ಕಾರ್ಯಕ್ರಮಕ್ಕೆ ಸೀರೆಯ ಜೊತೆ ಕಟ್ಟಿಕೊಳ್ಳುವ ಆಸೆ. ಎಷ್ಟು ಕಟ್ಟಿದರೂ ಜಾರಿ ಕುತ್ತಿಗೆಗೆ ಬರುತ್ತದೆ. ನನ್ನ ಮುಖಕ್ಕೆ ಒಗ್ಗುವುದಿಲ್ಲವೇ?
– ವಿದ್ಯಾರ್ಥಿನಿ, ಕುಂಬಳೆ

ಮುಖದ ಮೇಲೆ ತಪ್ಪು ಹೊರಿಸಬೇಡಿ. ಮೊದಲು ಟೇಪು ಹಿಡಿಯಿರಿ. ಹೆಚ್ಚಿನ ಹೆಂಗಸರ ತಲೆಯ ಸುತ್ತಳತೆ 21ರಿಂದ 23 ಇಂಚು. ಚೌಕ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ಸಿಗುವ ಉದ್ದ, ಬದಿಯ ಅಳತೆಯ ಒಂದೂವರೆ ಪಟ್ಟಿಗೆ ತುಸು ಕಡಿಮೆ. 20 ಇಂಚಿನ ಚೌಕ 28 ಇಂಚು ಕೊಡುತ್ತದೆ. ತಲೆಗೆ 22 ಹೋಯಿತು, ಉಳಿದದ್ದು ಆರು, ಅಂದರೆ ಒಂದೊಂದು ತುದಿಗೆ ಮೂರು ಇಂಚು. ಅದರಲ್ಲಿ ಗಂಟು ಹೇಗೋ ಬೀಳುತ್ತದೆ, ನಿಲ್ಲುವುದಿಲ್ಲ. ಅದು ಪಟ್ಟಿಯಂತೆ ಮಡಚಿ ಹಣೆಯ ಮೇಲೆ ಕೂದಲಿಗೆ ಕಟ್ಟಲಷ್ಟೇ ಆದೀತು. 27 ಇಂಚಿನದು 38 ಕೊಡುತ್ತದೆ, ಹಿಂಗತ್ತಿನಲ್ಲಿ ಗಂಟು ಹಾಕಲು ಬೇಕಾದಷ್ಟಾಯಿತು. ಗದ್ದದ ಕೆಳಗೆ ಅಡ್ಡ ಹಾಯಿಸಿ ಹಿಂದಕ್ಕೆ ಒಯ್ದು ಕಟ್ಟಬೇಕಾದರೆ 36 ಇಂಚಿನದೇ ಬೇಕು. ನೀವು ಕಳುಹಿಸಿದ ಫೋಟೊದಲ್ಲಿ ಒಂಟೆಯ ಸ್ಕಾರ್ಫು ಪಕ್ಕದ ತಲೆದಿಂಬಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, 27 ಇದ್ದೀತು. ಅದನ್ನು ಗದ್ದಕ್ಕೆ ಎಳೆದು ಕಟ್ಟಲು ಹೋಗಿರುತ್ತೀರಿ, ಜಾರದೆ ಏನು ಮಾಡುತ್ತದೆ?

ಜಾರುವುದಕ್ಕೆ ಇನ್ನೊಂದು ಕಾರಣ ನಮ್ಮ ಊರಿನದೇ, ತೆಂಗಿನೆಣ್ಣೆ. ಎಣ್ಣೆ ಹಚ್ಚಿದ ತಲೆಯ ಮೇಲೆ ರೇಷ್ಮೆ ಕಟ್ಟುವುದೂ ಪಾಚಿಗಟ್ಟಿದ ಮೆಟ್ಟಲಲ್ಲಿ ಹವಾಯಿ ಚಪ್ಪಲಿ ಹಾಕಿ ಇಳಿಯುವುದೂ ಒಂದೇ. ಜೊತೆಗೆ ಎಣ್ಣೆಯ ಕಲೆ ರೇಷ್ಮೆಯಿಂದ ಹೋಗುವುದು ಬಲು ಕಷ್ಟ. ತಲೆ ಸ್ನಾನ ಮಾಡಿದ ಮರುದಿನ ಕಟ್ಟಿ. ಕೆಳಗೆ ಎರಡಿಂಚು ಅಗಲದ ಹತ್ತಿಯ ಪಟ್ಟಿಯೊಂದನ್ನು ಮೊದಲು ಬಿಗಿದುಕೊಳ್ಳಿ. ನಾನು ಕಾಸರಗೋಡು ಸೀರೆಯ ಹರಿದ ತುಂಡನ್ನೇ ಬಳಸುತ್ತೇನೆ. ಆ ಕೈಮಗ್ಗದ ಹತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ಸೀರೆಯಾಗಿ. ನನ್ನ ಮಟ್ಟಿಗೆ ಅದರ ಎರಡನೆಯ ಜನ್ಮವೂ ಅಷ್ಟೇ ಯೋಗ್ಯವಾದದ್ದು. ಹತ್ತಿ ಕೂದಲನ್ನು ಹಿಡಿಯುತ್ತದೆ, ರೇಷ್ಮೆ ಹತ್ತಿಯನ್ನು ಹಿಡಿಯುತ್ತದೆ. ಕಿವಿಯ ಹಿಂದೆ ಎರಡೆರಡು ಸ್ಲೈಡುಗಳನ್ನು ಕತ್ತರಿಯಾಕಾರದಲ್ಲಿ ಸಿಕ್ಕಿಸಿದರೆ ಯಕ್ಷಗಾನದ ಒಂದು ಪ್ರಸಂಗ ಮುಗಿಯುವವರೆಗೂ ಅಲುಗಾಡುವುದಿಲ್ಲ.

ಇನ್ನು ರೇಷ್ಮೆಯೋ ಅಲ್ಲವೋ ಎಂಬುದು. ಅಂಚಿನ ಒಳಮಡಿಕೆಯಿಂದ ಒಂದೇ ಒಂದು ಎಳೆ ತೆಗೆಯಿರಿ. ತಟ್ಟೆಯಲ್ಲಿ ನೀರಿಟ್ಟು, ಅದರ ಮೇಲೆ ಚಿಮಟದಲ್ಲಿ ಹಿಡಿದು ದೀಪಕ್ಕೆ ಮುಟ್ಟಿಸಿ. ಕೂದಲು ಸುಟ್ಟ ವಾಸನೆ ಬಂದು, ಉರಿ ತಾನಾಗಿ ಆರಿ, ಉಳಿದ ಕರಿ ಗುಂಡು ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಉರಿಗೆ ಹೆದರಿ ಮುದುಡಿ ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉದುರಿದರೆ ಹತ್ತಿ ಅಥವಾ ರೇಯಾನ್. ಪ್ರವಾಸಿಗಳಿಗೆಂದೇ ಊರಿನ ಚಿತ್ರ ಅಚ್ಚು ಹಾಕಿ ಮಾರುತ್ತಿದ್ದ ಸ್ಕಾರ್ಫುಗಳು ರೇಯಾನ್ ಆಗಿರುವುದೂ ಉಂಟು. ರೇಯಾನ್ ಎಂದು ತಿಳಿದರೆ ಬೇಸರ ಬೇಡ, ಬಣ್ಣ ಚೆನ್ನಾಗಿ ಹಿಡಿಯುವ ಬಟ್ಟೆ ಅದು. ಆದರೆ ಒದ್ದೆಯಾದಾಗ ಅದರ ಬಲ ಬಹಳ ಕುಗ್ಗುತ್ತದೆ, ಹಿಂಡಿದರೆ ಹರಿಯುತ್ತದೆ. ಇಷ್ಟು ನೆನಪಿಡಿ.

ಏಡನ್ ಎಂದರೆ ಬೊಂಬಾಯಿಗೂ ಸುಯೆಜ್ ಕಾಲುವೆಗೂ ನಡುವೆ ಹಡಗುಗಳು ನಿಲ್ಲುತ್ತಿದ್ದ ಬಂದರು, ಸುಂಕವಿಲ್ಲದ ಸರಕಿಗೆ ಹೆಸರಾದದ್ದು. 1967ರಲ್ಲಿ ಕಾಲುವೆಯೂ ಮುಚ್ಚಿತು, ಬ್ರಿಟಿಷರೂ ಅಲ್ಲಿಂದ ಹೊರಟರು. ನಿಮ್ಮ ಒಂಟೆ ಅದಕ್ಕಿಂತ ಹಿಂದಿನದಾಗಿರುವ ಸಂಭವವೇ ಹೆಚ್ಚು, ಅಜ್ಜನ ಹಡಗಿನ ಪುಸ್ತಕವಿದ್ದರೆ ತಾಳೆ ನೋಡಿ. ಜಪಾನಿನ ಚೀಟಿಯಲ್ಲಿ 'ಆಕ್ಯುಪೈಡ್ ಜಪಾನ್' ಎಂದೇನಾದರೂ ಇದೆಯೇ? ಇದ್ದರೆ ಅದು ಯುದ್ಧಾನಂತರ, 1952ರಲ್ಲಿ ಆ ದೇಶ ಮತ್ತೆ ಸ್ವತಂತ್ರವಾಗುವುದಕ್ಕೆ ಮೊದಲಿನ ಸರಕು. ಚೀಟಿಯನ್ನು ಮಾತ್ರ ಕತ್ತರಿಸಬೇಡಿ. ಕುತ್ತಿಗೆಗೆ ಚುಚ್ಚುತ್ತದೆ ಎಂದು ಕತ್ತರಿಸಿ ಎಸೆದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಬಟ್ಟೆಯ ಜಾತಕವೇ ಅದು.

ಕಾರ್ಯಕ್ರಮಕ್ಕೆ ಹೀಗೆ ಕಟ್ಟಿ. ಚೌಕವನ್ನು ಸರಿಯಾಗಿ ಮೂಲೆಗೆ ಮೂಲೆ ಕೂಡಿಸಿ ಮಡಚಬೇಡಿ. ಮೇಲಿನ ಮೂಲೆ ಕೆಳಗಿನದಕ್ಕಿಂತ ಎರಡಿಂಚು ಹಿಂದೆ ನಿಲ್ಲಲಿ, ಆಗ ಎರಡೂ ಅಂಚಿನ ಬಣ್ಣ ಕಾಣುತ್ತದೆ. ಮಡಿಕೆ ಹಣೆಯ ಕಡೆಗೆ. ಕೂದಲು ಹುಟ್ಟುವ ಗೆರೆಯಿಂದ ಎರಡು ಬೆರಳು ಹಿಂದೆ ಇಡಿ, ಬೈತಲೆ ಸ್ವಲ್ಪ ಕಾಣಲಿ. ಹುಬ್ಬಿನವರೆಗೆ ಎಳೆದುಕೊಂಡರೆ ಜ್ವರ ಬಂದವರಂತೆ ಕಾಣುತ್ತೀರಿ. ತುದಿಗಳೆರಡನ್ನೂ ಜಡೆಯ ಅಡಿಗೆ ಒಯ್ದು, ಹಿಂದೆ ಇಳಿಬಿದ್ದ ಮೂಲೆಯ ಮೇಲೆ ಗಂಟು ಹಾಕಿ. ಒಂಟೆ ಯಾವ ಮೂಲೆಯಲ್ಲಿದೆಯೋ ಆ ಮೂಲೆ ಹಿಂದಕ್ಕೆ ಬರಲಿ. ಕಟ್ಟಿದ ಮೇಲೆ ಯಾರನ್ನಾದರೂ ಕರೆದು ಹಿಂದಿನಿಂದ ನೋಡಲು ಹೇಳಿ. ಒಂಟೆಯ ಕಾಲು ಆಕಾಶಕ್ಕಿದ್ದರೆ ಬಿಚ್ಚಿ ತಿರುಗಿಸಿ ಕಟ್ಟಿ. ಇದನ್ನು ನಾನೇ ಒಂದು ಮದುವೆಯಲ್ಲಿ ಮಾಡಿದ್ದೇನೆ. ಒಂಟೆಯಲ್ಲ, ನವಿಲು.

ಗದ್ದದ ಕೆಳಗೆ ನೇರ ಗಂಟು ಹಾಕುವುದು ಇಂಗ್ಲೆಂಡಿನ ರಾಣಿ ಎಲಿಜಬೆತ್ ಕುದುರೆ ನೋಡಲು ಹೋಗುವಾಗ ಕಟ್ಟುತ್ತಿದ್ದ ರೀತಿ. ನಿಮ್ಮ ವಯಸ್ಸಿಗೆ ಅದು ಕುಲಾವಿ ಹಾಕಿದ ಮಗುವಿನಂತೆ ಕಾಣಬಹುದು. ಅಡ್ಡ ಹಾಯಿಸಿ ಹಿಂದೆ ಕಟ್ಟುವುದು ನಟಿ ಗ್ರೇಸ್ ಕೆಲ್ಲಿಯ ಹೆಸರಿನಲ್ಲಿ ಓಡಾಡುತ್ತದೆ, ಕಪ್ಪು ಕನ್ನಡಕದ ಜೊತೆ ಬಲು ಚಂದ. ಆದರೆ ಸೀರೆಯ ಸೆರಗು, ಕೊರಳಿನ ಸರ, ಜುಮುಕಿ, ಅದರ ಮೇಲೆ ಇದೂ ಬಂದರೆ ಕೊರಳಿನಲ್ಲಿ ಸಂತೆ. ಸೀರೆಗೆ ಹಿಂದಿನ ಗಂಟೇ ಸರಿ.

*

ತಲೆಗೆ ಬಟ್ಟೆ ಕಟ್ಟಿ ಹೊರಟರೆ ಅತ್ತೆಯವರು, "ಇದು ನಮ್ಮ ಕಡೆಯ ಕ್ರಮವಲ್ಲ" ಎನ್ನುತ್ತಾರೆ. ಏನು ಉತ್ತರ ಕೊಡಲಿ?
– ಗೃಹಿಣಿ, ಬದಿಯಡ್ಕ

ಅತ್ತೆಯವರಿಗೆ ಉತ್ತರ ಕೊಡಲು ಹೋಗಬೇಡಿ, ಅದು ಯಾವ ಕ್ರಮದಲ್ಲೂ ಇಲ್ಲ. ನನಗೇ ಒಂದು ಪತ್ರ ಬರೆಯಲು ಹೇಳಿ.

ಅಲ್ಲ, ನಮ್ಮ ಕಡೆಯಲ್ಲಿ ಬರಿತಲೆ ಯಾರದ್ದಿತ್ತು? ಅಡಿಕೆ ತೋಟದಲ್ಲಿ ಸೊಪ್ಪು ಹೊರುವವರ ತಲೆಯಲ್ಲಿ ಹಾಳೆಯ ಟೊಪ್ಪಿ, ಮುಟ್ಟಾಳೆ. ಮರ ಏರುವವರ ತಲೆಯಲ್ಲಿ ಬೈರಾಸು, ಅಂದರೆ ಟವೆಲು. ನೀರಿನ ಕೊಡಕ್ಕೆ ಸಿಂಬೆ. ಬೇಳದ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವ ಹಿರಿಯ ಹೆಂಗಸರು ಸೆರಗನ್ನು ತಲೆಗೆ ಎಳೆದುಕೊಳ್ಳುವುದನ್ನು ನೋಡಿ ಬೆಳೆದವಳು ನಾನು. ತಳಂಗರೆಯ ಕೈಹೊಲಿಗೆಯ ತೊಪ್ಪಿ ಕಡಲಾಚೆಗೂ ಹೋಗಿ ಹೆಸರು ಮಾಡಿದೆ. ನಮ್ಮ ಕಡೆಯ ಮುಸ್ಲಿಮರಾದ ಮಾಪಿಳ್ಳೆ ಅಜ್ಜಿಯರ ಕಾಚಿ ಎಂಬ ಪಂಚೆ, ಕುಪ್ಪಾಯ ಎಂಬ ಅಂಗಿ, ಅದರ ಮೇಲೆ ಹೂವಿನಂತೆ ನಿಲ್ಲುವ ತಟ್ಟ ಎಂಬ ತಲೆವಸ್ತ್ರ, ಅದನ್ನು ಅವರು ಕಟ್ಟುತ್ತಿದ್ದ ಠೀವಿ ಈಗಿನ ಯಾವ ಫ್ಯಾಷನ್ ಪುಟದಲ್ಲೂ ಕಾಣಲಿಲ್ಲ. ಪಿನ್ನು ಚರ್ಮಕ್ಕೆ ತಾಗದಂತೆ ಬಟ್ಟೆಯ ಎರಡು ಪದರವನ್ನಷ್ಟೇ ಕಚ್ಚಿಸುವುದು ಹೇಗೆ ಎಂದು ನನಗೆ ಹೇಳಿಕೊಟ್ಟವರು ನಮ್ಮ ಅಂಗಡಿಗೆ ಬಟನ್ ಹೊಲಿಸಲು ಬರುತ್ತಿದ್ದ ತಳಂಗರೆಯ ಒಬ್ಬ ಉಮ್ಮ.

ಒಂದು ಮಾತು ಬೇರೆಯೇ ಇದೆ, ಅದನ್ನು ಅತ್ತೆಯವರು ಬಾಯಿ ಬಿಟ್ಟು ಹೇಳಿರಲಿಕ್ಕಿಲ್ಲ. 'ಅವರ ಹಾಗೆ ಕಾಣುತ್ತದೆ' ಎಂಬ ಅಂಜಿಕೆ. ಅವರ ತಟ್ಟ ಅವರ ನಂಬಿಕೆಯದ್ದು, ನಿಮ್ಮ ಸ್ಕಾರ್ಫು ನಿಮ್ಮ ಖುಷಿಯದ್ದು. ಕಟ್ಟುವ ರೀತಿಯೂ ಬೇರೆ, ಉದ್ದೇಶವೂ ಬೇರೆ. ಒಂದನ್ನು ಬೈಯಲು ಇನ್ನೊಂದನ್ನು ಎಳೆದು ತರುವುದು ಮಾತ್ರ ನನ್ನ ಅಂಕಣದಲ್ಲಿ ನಡೆಯುವುದಿಲ್ಲ. ಮುಂದಿನ ಸಲ ಮಧೂರಿನ ಜಾತ್ರೆಗೋ ಪೇಟೆಗೋ ಅತ್ತೆಯವರನ್ನು ಕರೆದುಕೊಂಡು ಹೊರಟಾಗ, ಬಸ್ಸಿಗೆ ಕಾಯುವ ಬಿಸಿಲಿನಲ್ಲಿ ಒಂದು ತೆಳು ಹತ್ತಿಯದ್ದನ್ನು ಅವರ ತಲೆಗೇ ಕಟ್ಟಿಬಿಡಿ. ಬಿಚ್ಚಿ ವಾಪಸು ಕೊಟ್ಟರೆ ನನಗೆ ಬರೆಯಿರಿ.

*

ನಾನು ದಿನವೂ ತಲೆ ಮುಚ್ಚುವವಳು. ಅಮ್ಮನ ಮದುವೆಯ ಕಾಲದ ಜಪಾನ್ ನೈಲಾನ್ ಚೌಕವೊಂದು ಬಹಳ ಚಂದ ಇದೆ, ಆದರೆ ಚಿಕ್ಕದು, ಪಾರದರ್ಶಕ. ಉಪಯೋಗಕ್ಕೆ ಬಂದೀತೇ?
– ಮೊಗ್ರಾಲ್‌ನಿಂದ ಒಬ್ಬಳು

ಬರುತ್ತದೆ. ಪೂರ್ತಿ ಮುಚ್ಚಲು 40 ಇಂಚಿಗಿಂತ ಕಡಿಮೆಯಾದರೆ ಕಷ್ಟ, ಇದು 30 ಎನ್ನುತ್ತೀರಿ. ಮೊದಲು ನಿಮ್ಮ ಮಾಮೂಲಿ ಶಾಲು, ಒಂದೇ ಬಣ್ಣದ ಹತ್ತಿಯದ್ದು, ಹೂವಿನ ಬಣ್ಣಗಳಲ್ಲಿ ಅತಿ ಮಾಸಲಾದದ್ದು ಯಾವುದೋ ಆ ಬಣ್ಣ. ಅದರ ಮೇಲೆ ಅಮ್ಮನದನ್ನು ಪಟ್ಟಿಯಾಗಿ ಮಡಚಿ ನೆತ್ತಿಯಿಂದ ಒಂದು ಭುಜದ ಮೇಲೆ ಇಳಿಬಿಡಿ. ಪಾರದರ್ಶಕವಾದದ್ದು ಇಲ್ಲಿ ಗುಣವೇ, ಕೆಳಗಿನ ಬಣ್ಣ ಮೇಲೆ ಬರುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಅದರ ಹತ್ತಿರವೂ ತರಬೇಡಿ.

*

ಸ್ಕೂಟರಿನಲ್ಲಿ ಹೋಗುವಾಗ ಉದ್ದನೆಯ ರೇಷ್ಮೆ ಸ್ಕಾರ್ಫು ಹಿಂದೆ ಗಾಳಿಗೆ ಹಾರುವಂತೆ ಕಟ್ಟಬೇಕೆಂದಿದ್ದೇನೆ. ಹೆಲ್ಮೆಟ್ ಅಡ್ಡ ಬರುತ್ತದೆ. ಉಪಾಯವಿದೆಯೇ?
– ಉಪ್ಪಳ

ಇದೆ. ಸ್ಕೂಟರಿನಿಂದ ಇಳಿದ ಮೇಲೆ ಕಟ್ಟಿ.

ಇಸಡೋರಾ ಡಂಕನ್ ಎಂಬ ದೊಡ್ಡ ನರ್ತಕಿ ಇದ್ದಳು. 1927ರ ಸೆಪ್ಟೆಂಬರ್ 14ರ ರಾತ್ರಿ ಫ್ರಾನ್ಸಿನ ನೀಸ್ ನಗರದಲ್ಲಿ ತೆರೆದ ಕಾರು ಹತ್ತಿದಳು. ಕೊರಳಿನ ಉದ್ದನೆಯ ರೇಷ್ಮೆ ಸ್ಕಾರ್ಫು ಹಿಂದಕ್ಕೆ ಹಾರಿ ಚಕ್ರಕ್ಕೆ ಸುತ್ತಿಕೊಂಡಿತು. ಕಾರು ಹೊರಟಿತು, ಆಕೆ ಉಳಿಯಲಿಲ್ಲ. ನೂರು ವರ್ಷವಾಗುತ್ತ ಬಂದರೂ ಸೀರೆಯ ಸೆರಗು, ಚೂಡಿದಾರದ ಶಾಲು ಚಕ್ರಕ್ಕೆ ಸಿಕ್ಕಿಸಿಕೊಳ್ಳುವುದನ್ನು ನಮ್ಮ ಹೆದ್ದಾರಿಯಲ್ಲಿ ಈಗಲೂ ನೋಡುತ್ತೇವೆ. ಓಡಿಸುವವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಅದರ ಅಡಿಗೆ ತೆಳ್ಳನೆಯ ಹತ್ತಿ ಚೌಕ, ಗಂಟು ಹೆಲ್ಮೆಟಿನ ಅಂಚಿಗಿಂತ ಕೆಳಗೆ, ತುದಿಗಳು ಬಟ್ಟೆಯ ಒಳಗೆ. ಗಂಟು ನೆತ್ತಿಯ ಮೇಲಿದ್ದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ಕಾಯುವುದೂ ಇಲ್ಲ. ರೇಷ್ಮೆಯದ್ದು ಚೀಲದಲ್ಲಿ ಸುರುಳಿಯಾಗಿ ಬರಲಿ.

*

ಮೊಬೈಲಿನಲ್ಲಿ ನೋಡಿ '1950ರ ಅಸಲಿ ಎರ್ಮೆಸ್ ರೇಷ್ಮೆ ಸ್ಕಾರ್ಫು' ಎಂಬುದನ್ನು 900 ರೂಪಾಯಿಗೆ ತರಿಸಿದೆ. ಮೂಲೆಯ ಚೀಟಿಯಲ್ಲಿ ಒಗೆಯುವ ತೊಟ್ಟಿಯ ಚಿತ್ರ, ಇಸ್ತ್ರಿಯ ಚಿತ್ರ, 'ಪಾಲಿಯೆಸ್ಟರ್' ಎಂದೂ ಇದೆ. ಮೋಸ ಹೋದೆನೇ?
– ನೀರ್ಚಾಲು

ಹೋದಿರಿ. ಎರ್ಮೆಸ್ ಎಂಬ ಪ್ಯಾರಿಸ್ಸಿನ ಕುದುರೆ ಜೀನಿನ ಮನೆತನ ಮೊದಲ ರೇಷ್ಮೆ ಚೌಕ ತಂದದ್ದು 1937ರಲ್ಲಿ. ಅವರ ಹೆಸರಾಂತ ಅಳತೆ 90 ಸೆಂಟಿಮೀಟರ್, ಅಂದರೆ ನಮ್ಮ ಟೇಪಿನಲ್ಲಿ ಮೂವತ್ತೈದೂವರೆ ಇಂಚಿಗೆ ಒಂದು ಕೂದಲೆಳೆ ಕಡಿಮೆ. ನೇಯ್ಗೆ ಟ್ವಿಲ್, ಹತ್ತಿರ ಹಿಡಿದರೆ ಓರೆ ಗೆರೆಗಳು ಕಾಣುತ್ತವೆ. ಅಂಚನ್ನು ಕೈಯಲ್ಲಿ ಉರುಳಿಸಿ ಹೊಲಿಯುತ್ತಾರೆ, ಅದೂ ಚಿತ್ರವಿರುವ ಕಡೆಗೆ ಉರುಳಿಸಿ. ಬೆರಳಾಡಿಸಿದರೆ ಆ ಅಂಚು ಎಳೆ ಅಕ್ಕಿ ಶಾವಿಗೆಯಂತೆ ದುಂಡಗಿರುತ್ತದೆ. ನಿಮ್ಮದು ಚಪ್ಪಟೆ, ಯಂತ್ರದ ಹೊಲಿಗೆ ಎಂದು ಫೋಟೊವೇ ಹೇಳುತ್ತದೆ. ನಾಲ್ಕೂ ಬದಿ ಕೂಡಿದರೆ ಸುಮಾರು 142 ಇಂಚಿನ ಕೈಹೊಲಿಗೆ. 900 ರೂಪಾಯಿಗೆ ಆ ಅಂಚನ್ನು ಹೊಲಿದು ಕೊಡು ಎಂದರೆ ನಾನೇ ಬಾಗಿಲು ಹಾಕಿಕೊಳ್ಳುತ್ತೇನೆ.

ಒಗೆಯುವ ಸೂಚನೆಯನ್ನು ಬಟ್ಟೆಗೇ ಹೊಲಿಯಬೇಕು ಎಂಬ ನಿಯಮ ಅಮೆರಿಕದಲ್ಲಿ ಜಾರಿಯಾದದ್ದು 1972ರಲ್ಲಿ. 1950ರ ಬಟ್ಟೆಯಲ್ಲಿ ತೊಟ್ಟಿಯ ಚಿತ್ರವಿದ್ದರೆ ಆ ತೊಟ್ಟಿಯಲ್ಲಿ ಮುಳುಗಿದ್ದು ನಿಮ್ಮ ದುಡ್ಡು. ಬಣ್ಣ ಚಂದವಿದ್ದರೆ ಕಟ್ಟಿಕೊಳ್ಳಿ, ಅಡಿಕೆ ಒಣಹಾಕುವಾಗ ಧೂಳಿಗೆ ಒಳ್ಳೆಯದು.

*

ಪೆಟ್ಟಿಗೆಯಲ್ಲಿದ್ದ ಅಮ್ಮನ ರೇಷ್ಮೆ ಚೌಕದಲ್ಲಿ ಮಳೆಗಾಲದ ಬೂಷ್ಟಿನ ವಾಸನೆ, ಅಲ್ಲಲ್ಲಿ ಕರಿ ಚುಕ್ಕೆ. ಮಡಿಕೆಯ ಗೆರೆಯಲ್ಲಿ ಬಟ್ಟೆ ಸೀಳಿದೆ. ಒಗೆಯಲೇ?
– ನಿವೃತ್ತ ಶಿಕ್ಷಕಿ, ಮಂಜೇಶ್ವರ

ತಾಳಿ ಟೀಚರ್, ನೀರಿಗೆ ಹಾಕಬೇಡಿ. ನಾನು ಮಾಡಿದ ತಪ್ಪನ್ನು ಮೊದಲು ಕೇಳಿ.

ಅಂಗಡಿ ಹಾಕಿದ ಹೊಸತರಲ್ಲಿ ಗಿರಾಕಿಯೊಬ್ಬರು ತಂದ ಕೆಂಪು ಬಿಳಿ ಸ್ಕಾರ್ಫಿಗೆ ಅಂಚು ಹೊಲಿಯಬೇಕಿತ್ತು. ಕೊಳೆಯಾಗಿದೆ, ಒಗೆದೇ ಕೊಡೋಣ ಎಂದು ಉಪಕಾರಕ್ಕೆ ಹೋದೆ. ಬಾಲ್ದಿಗೆ ಬಿಸಿನೀರು, ಬಟ್ಟೆ ಸೋಪು. ಎರಡು ನಿಮಿಷದಲ್ಲಿ ಬಾಲ್ದಿಯ ನೀರು ಬೀಟ್ರೂಟ್ ಸಾರಿನಂತಾಯಿತು, ಬಿಳಿ ಭಾಗವೆಲ್ಲ ಗುಲಾಬಿ. ಗಿರಾಕಿ ಏನೂ ಹೇಳಲಿಲ್ಲ, ಸ್ಕಾರ್ಫು ತೆಗೆದುಕೊಂಡು ಹೋದರು. ಮತ್ತೆ ಬರಲೇ ಇಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಆದ್ದರಿಂದ ಮೊದಲು ಬಿಳಿಯ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಒಂದೊಂದು ಬಣ್ಣದ ಮೇಲೂ, ಕಾಣದ ಮೂಲೆಯಲ್ಲಿ, ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ನೀರಿನ ಯೋಚನೆ ಬಿಡಿ. ಹತ್ತದಿದ್ದರೂ ನಿಮ್ಮದು ಮಡಿಕೆಯಲ್ಲಿ ಸೀಳಿರುವುದರಿಂದ ನಾನು ಒಗೆಯುವುದಿಲ್ಲ. ಮಡಿಕೆಯಲ್ಲಿ ಸೀಳುವುದೆಂದರೆ ಎಳೆ ಮುಪ್ಪಾಗಿದೆ ಎಂದು ಅರ್ಥ. ಹಿಂದಿನ ಕಾಲದಲ್ಲಿ ರೇಷ್ಮೆಗೆ ತೂಕ ಬರಲಿ ಎಂದು ತವರದ ಲವಣ ತುಂಬಿಸುವುದಿತ್ತು, ಅಂಥ ರೇಷ್ಮೆ ಕಾಲ ಕಳೆದಂತೆ ತಾನಾಗಿ ಸೀಳುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಜಗಲಿಯಲ್ಲಿ, ಹಳೆ ಪಂಚೆಯ ಮೇಲೆ ಎರಡು ದಿನ ಹರಡಿ. ವಾಸನೆ ಬಹುಪಾಲು ಹೋಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಬೂಷ್ಟನ್ನು ಕೊಡವಿ, ಮನೆಯ ಹೊರಗೆ. ಕರಿ ಚುಕ್ಕೆ ಉಳಿಯುತ್ತದೆ. ಅದನ್ನು ತೆಗೆಯಲು ಬ್ಲೀಚಿಂಗ್ ಹಾಕಿದರೆ ಚುಕ್ಕೆಯ ಜೊತೆ ಅಮ್ಮನ ಸ್ಕಾರ್ಫೂ ಹೋಗುತ್ತದೆ.

ಬಟ್ಟೆ ಗಟ್ಟಿಯಿರುವವರು ಮಾತ್ರ ಒಗೆಯಬಹುದು. ತಣ್ಣೀರು, ಅಂಟುವಾಳದ ನೊರೆ ಅಥವಾ ಮಕ್ಕಳ ಶಾಂಪೂ ಒಂದು ಚಮಚ, ಮೂರು ನಿಮಿಷ. ಹಿಂಡಬಾರದು, ಬೈರಾಸಿನಲ್ಲಿಟ್ಟು ಚಾಪೆಯಂತೆ ಸುತ್ತಿ ಒತ್ತಬೇಕು. ಅರೆ ಒದ್ದೆ ಇರುವಾಗಲೇ ಹಿಂಬದಿಯಿಂದ ಕಡಿಮೆ ಬಿಸಿಯಲ್ಲಿ ಇಸ್ತ್ರಿ. ಉರುಟಾದ ಅಂಚಿನ ಮೇಲೆ ಇಸ್ತ್ರಿ ಹಾಯಿಸಿದಿರೋ, ಅದು ಸತ್ತು ಚಪ್ಪಟೆಯಾಗುತ್ತದೆ. ಮಡಚಿಡಬೇಡಿ, ಹತ್ತಿ ಬಟ್ಟೆ ಸುತ್ತಿದ ಕೋಲಿಗೆ ಸುರುಳಿ ಸುತ್ತಿಡಿ. ನುಸಿಗುಳಿಗೆ ರೇಷ್ಮೆಗೆ ನೇರ ತಾಗಬಾರದು. ನಾನು ಲಾವಂಚದ ಬೇರು ಇಡುತ್ತೇನೆ. ಹುಳಕ್ಕೆ ಅದು ಎಷ್ಟು ಹೆದರಿಕೆಯೋ ಹುಳವೇ ಹೇಳಬೇಕು, ಪೆಟ್ಟಿಗೆ ತೆರೆದಾಗ ನನಗಂತೂ ಸುಖ.

ಟೀಚರ್, ನಿಮ್ಮದನ್ನು ತಲೆಗೆ ಕಟ್ಟುವ ಆಸೆ ಬಿಡಿ. ಗಂಟಿನ ಎಳೆತ ತಡೆಯದು. ಬಿಳಿ ಹತ್ತಿಯ ಮೇಲೆ ಸಡಿಲವಾಗಿ ಹೊಲಿದು ಗೋಡೆಗೆ ಹಾಕಿ, ಬಿಸಿಲು ಬೀಳದ ಗೋಡೆಗೆ.

*

ಗಂಡಸರು ಕಟ್ಟಬಹುದೇ?
– ಪೆರ್ಲ

ಮುಂಡಾಸನ್ನು ನಿಮ್ಮಿಂದ ಕಸಿದುಕೊಂಡವರು ಯಾರು ಸ್ವಾಮಿ? ಕಟ್ಟಿ.

*

ನಮ್ಮದು ಗಡಿಯ ಈಚೆಗಿನ ಕನ್ನಡ ಮನೆ. ಅಜ್ಜಿ ತಲೆಗೆ ಕಟ್ಟುತ್ತಿದ್ದ ಕೆಂಪು ಹಳದಿ ಚೌಕಳಿಯ ಹತ್ತಿ ರುಮಾಲು ಇದೆ, ಬ್ರ್ಯಾಂಡು ಇಲ್ಲ, ಹೆಸರಿಲ್ಲ. ರೇಷ್ಮೆ ಸ್ಕಾರ್ಫುಗಳ ಮುಂದೆ ಇದು ವಿಂಟೇಜ್ ಎನಿಸಿಕೊಳ್ಳುತ್ತದೆಯೇ?
– ಹೊಸೂರು, ತಮಿಳುನಾಡು

ನಿಮ್ಮ ಪತ್ರ ಓದಿ ನಾನು ಎದ್ದು ಕೂತೆ. ಆ ರೇಷ್ಮೆಗಳೆಲ್ಲ ನಿಮ್ಮ ರುಮಾಲಿನ ಮೊಮ್ಮಕ್ಕಳು.

ಮದ್ರಾಸಿನ ಬಂದರಿನಿಂದ ಹೋಗುತ್ತಿದ್ದ ಚೌಕಳಿ ಹತ್ತಿ ಬಟ್ಟೆಗೆ ಹೊರದೇಶಗಳಲ್ಲಿ ಊರಿನ ಹೆಸರೇ ಬಂತು, 'ಮದ್ರಾಸ್'. ಪಶ್ಚಿಮ ಆಫ್ರಿಕಕ್ಕೆ ಅದು 'ರಿಯಲ್ ಮದ್ರಾಸ್ ಹ್ಯಾಂಡ್‌ಕರ್ಚೀಫ್' ಎಂದು ಹೋಯಿತು, ಚೌಕ ಸುಮಾರು 36 ಇಂಚು. ಕೆರಿಬಿಯನ್ ದ್ವೀಪಗಳಾದ ಮಾರ್ಟಿನಿಕ್, ಗ್ವಾಡಲೂಪಗಳಲ್ಲಿ ಅದೇ ಬಟ್ಟೆಯ ತಲೆಕಟ್ಟು ಇಂದಿಗೂ ಹಬ್ಬದ ಉಡುಪು. ಅಮೆರಿಕದ ಲೂಯಿಸಿಯಾನ ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, 1786ರಲ್ಲಿ, ಅಲ್ಲಿನ ಗವರ್ನರ್ ಎಸ್ಟೆಬಾನ್ ಮಿರೊ ಕಪ್ಪು ಹೆಂಗಸರು ಕೂದಲಿಗೆ ಗರಿ, ಒಡವೆ ತೊಡಬಾರದು, ಬಟ್ಟೆ ಕಟ್ಟಿ ಮುಚ್ಚಬೇಕು ಎಂದು ಆಜ್ಞೆ ಮಾಡಿದ. ಅವರ ಅಲಂಕಾರ ಬಿಳಿಯರ ಕಣ್ಣು ಕುಕ್ಕುತ್ತಿತ್ತು. ಹೆಂಗಸರು ಆಜ್ಞೆ ಪಾಲಿಸಿದರು, ಎಂತೆಂಥ ಬಣ್ಣದ ಬಟ್ಟೆ ತಂದು ಎಷ್ಟು ಎತ್ತರಕ್ಕೆ ಕಟ್ಟಿದರೆಂದರೆ ಶಿಕ್ಷೆಯೇ ಸಿಂಗಾರವಾಯಿತು. ಬಂದಾನ ಎಂಬ ತಲೆಬಟ್ಟೆಯ ಹೆಸರೂ ನಮ್ಮ ನೆಲದ್ದೇ, 'ಬಾಂಧನಾ', ಗಂಟು ಕಟ್ಟಿ ಬಣ್ಣ ಅದ್ದುವುದು. ಪೇಸ್ಲಿ ಎಂಬ ವಿನ್ಯಾಸಕ್ಕೆ ಸ್ಕಾಟ್‌ಲೆಂಡಿನ ಊರಿನ ಹೆಸರು ಅಂಟಿತು, ನೋಡಿದರೆ ನಮ್ಮ ಮಾವಿನಕಾಯಿ ಬುಟ್ಟಾ, ಕಾಶ್ಮೀರದ ಶಾಲಿನಿಂದ ಹೋದದ್ದು.

1956ರ ನವೆಂಬರಿನವರೆಗೆ ಕಾಸರಗೋಡೂ ಮದ್ರಾಸಿನ ಆಡಳಿತದಲ್ಲೇ ಇತ್ತು. ಆಮೇಲೆ ನಾವು ಕೇರಳ, ನೀವು ತಮಿಳುನಾಡು. ರುಮಾಲಿಗೆ ಗಡಿ ಗೊತ್ತಿಲ್ಲ ಎಂದು ಬರೆಯಲು ಹೊರಟಿದ್ದೆ, ಹೊಡೆದು ಹಾಕಿದೆ. ಬಟ್ಟೆಗೆ ಅಂಚೇ ಜೀವ. ನಿಮ್ಮದರ ಅಂಚು ನೇಯ್ದದ್ದೋ ಕತ್ತರಿಸಿ ಮಡಚಿದ್ದೋ ನೋಡಿ ಬರೆಯಿರಿ. ನೇಯ್ದದ್ದಾದರೆ ಕೈಮಗ್ಗದ ತುಂಡಾಗಿರಬಹುದು. ಕಟ್ಟುವಾಗ ಇಸ್ತ್ರಿ ಬೇಡ, ಸುಕ್ಕೇ ಅದಕ್ಕೆ ಕಳೆ. ಹತ್ತಿ ಜಾರುವುದಿಲ್ಲವಾದ್ದರಿಂದ ಒಳಪಟ್ಟಿಯೂ ಬೇಡ. ಮುಂದೆ ನೆತ್ತಿಯ ಮೇಲೆ ಗಂಟು ಹಾಕಿ, ತುದಿಗಳು ಎರಡು ವೀಳ್ಯದೆಲೆಯಂತೆ ನಿಲ್ಲಲಿ. ಬಿಳಿ ಅಂಗಿಯ ಜೊತೆ.

*

ಎಲ್ಲರಿಗೂ ಹೇಳುತ್ತೀರಿ. ನೀವು ನಿಜವಾಗಿ ಫ್ಯಾಷನ್ನಿಗೆ ಕಟ್ಟುತ್ತೀರೋ, ಅಥವಾ ನನ್ನ ಹಾಗೆ ನಡುಬೈತಲೆ ಅಗಲವಾದದ್ದನ್ನು ಮುಚ್ಚಲೋ? ಸಿಟ್ಟಾಗಬೇಡಿ ಅಕ್ಕಾ.
– ಹೊಸದುರ್ಗ

ಸಿಟ್ಟಿಲ್ಲ. ಬೈತಲೆ ನನ್ನದೂ ಅಗಲವಾಗಿದೆ, ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದೇನೆ. ನಿಮ್ಮ ಗುಟ್ಟಿಗೆ ಒಂದು ಕಿವಿಮಾತು ಮೊದಲು. ಕಡಿಮೆ ಕೂದಲಿನ ಮೇಲೆ ರೇಷ್ಮೆ ಅಂಟಿಕೊಂಡು ತಲೆ ಸಣ್ಣದಾಗಿ ಕಾಣುತ್ತದೆ. ತೆಳು ಹತ್ತಿಯ ಮಲ್ಲು ಬಟ್ಟೆಯ ತುಂಡೊಂದನ್ನು ಸಡಿಲ ಸಿಂಬೆಯಂತೆ ಸುತ್ತಿ ತುರುಬಿನ ಜಾಗದಲ್ಲಿಟ್ಟು ಅದರ ಮೇಲೆ ಕಟ್ಟಿ. ಬಿಗಿಯಾಗಿ ದಿನವೂ ಒಂದೇ ಜಾಗದಲ್ಲಿ ಎಳೆದು ಕಟ್ಟಬೇಡಿ, ಹಣೆಯಂಚಿನ ಕೂದಲು ಇನ್ನೂ ಉದುರುತ್ತದೆ.

ಆದರೆ ನಾನು ಶುರು ಮಾಡಿದ್ದು ಬೈತಲೆಗಲ್ಲ, ಫ್ಯಾಷನ್ನಿಗಂತೂ ಅಲ್ಲ. 1979ರಲ್ಲಿ ನನಗೆ ಹತ್ತೊಂಬತ್ತು. ಹಳೆ ಬಸ್ ನಿಲ್ದಾಣದ ಹತ್ತಿರ ಒಬ್ಬ ಅಕ್ಕನ ಬಳಿ ಹೊಲಿಗೆ ಕಲಿಯುತ್ತಿದ್ದೆ. ತಲೆಸ್ನಾನ ಮಾಡಿದ ದಿನ, ಕೂದಲು ಬಿಟ್ಟಿದ್ದೆ. ಕಾಲಿನ ಯಂತ್ರ, ಬೆಲ್ಟು ಸಡಿಲವಾಗಿದೆಯೋ ಎಂದು ಕಾಲು ತುಳಿಯುತ್ತಲೇ ಬಗ್ಗಿ ನೋಡಿದೆ. ಎಡಗಡೆಯ ಒಂದು ಹಿಡಿ ಕೂದಲು ಚಕ್ರಕ್ಕೂ ಬೆಲ್ಟಿಗೂ ನಡುವೆ ಹೋಯಿತು. ಕೆನ್ನೆ ಯಂತ್ರದ ಹಲಗೆಗೆ ಒತ್ತಿಕೊಂಡಿತ್ತು, ಕೂಗಲೂ ಆಗಲಿಲ್ಲ. ಅಕ್ಕ ಓಡಿ ಬಂದು ಚಕ್ರವನ್ನು ಹಿಂದಕ್ಕೆ ತಿರುಗಿಸಿ ನೋಡಿದರು, ಬಿಡಲಿಲ್ಲ. ಬಟ್ಟೆಯ ಕತ್ತರಿಯಲ್ಲಿ ಕತ್ತರಿಸಿದರು. ಅವರು ಯಾರಿಗೂ ಮುಟ್ಟಲು ಕೊಡದಿದ್ದ ಕತ್ತರಿ ಅದು, ಕಾಗದ ಕತ್ತರಿಸಿದರೂ ರೇಗುತ್ತಿದ್ದರು. ಆಮೇಲೆ ತಮ್ಮ ಡ್ರಾಯರಿನಿಂದ ನೀಲಿ ಬಣ್ಣದ, ಬಿಳಿ ಚುಕ್ಕೆಯ ಒಂದು ಸ್ಕಾರ್ಫು ತೆಗೆದು, ಒಂದು ಮಾತೂ ಆಡದೆ, ನನ್ನ ತಲೆಗೆ ಬಿಗಿದು ಕಟ್ಟಿ, "ಹೊಲಿ" ಎಂದರು.

ಎಷ್ಟೋ ವರ್ಷಗಳ ಮೇಲೆ ಅಮೆರಿಕದ ಒಂದು ಭಿತ್ತಿಚಿತ್ರ ನೋಡಿದೆ. ಎರಡನೆಯ ಮಹಾಯುದ್ಧದ ಕಾಲದ್ದು, 1943ರದು. ತೋಳು ಮಡಚಿ ನಿಂತ ಕಾರ್ಖಾನೆಯ ಹೆಂಗಸು, ತಲೆಯಲ್ಲಿ ಕೆಂಪು ಬಟ್ಟೆ, ಬಿಳಿ ಚುಕ್ಕೆ, ಗಂಟು ನೆತ್ತಿಯ ಮೇಲೆ. ಈಗ ಹುಡುಗಿಯರು ಅದೇ ಗಂಟನ್ನು ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ, ಚಂದವೇ. ಆ ಬಟ್ಟೆ ಕಟ್ಟುತ್ತಿದ್ದದ್ದು, ಬಿಟ್ಟ ಕೂದಲು ಯಂತ್ರಕ್ಕೆ ಸಿಗದಿರಲಿ ಎಂದು. ಅದನ್ನು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ನೀಲಿ ಸ್ಕಾರ್ಫು ಈಗಲೂ ಇದೆ, ವಾರಕ್ಕೆರಡು ದಿನ ಕಟ್ಟುತ್ತೇನೆ. ಅದರ ಅಂಚು ಕೈಯಲ್ಲಿ ಉರುಳಿಸಿದ್ದು. ಬಿಚ್ಚಿಕೊಂಡಾಗ ನಾನೇ ಸರಿ ಮಾಡುತ್ತೇನೆ: ಹೆಬ್ಬೆರಳನ್ನು ಒದ್ದೆ ಮಾಡಿ ಅಂಚನ್ನು ತೋರುಬೆರಳ ಮೇಲೆ ಉರುಳಿಸಬೇಕು, ಸೂಜಿ ಉರುಳಿಯ ಒಳಗಿನಿಂದ ಕಾಲು ಇಂಚು ಹಾಯಬೇಕು, ಕೆಳಗಿನ ಬಟ್ಟೆಯ ಒಂದೇ ಒಂದು ಎಳೆಯನ್ನು ಎತ್ತಿಕೊಂಡು ಮತ್ತೆ ಉರುಳಿಗೆ ನುಗ್ಗಬೇಕು. ಐದಾರು ಹೊಲಿಗೆಯಾದ ಮೇಲೆ ದಾರ ಎಳೆದರೆ ಅಂಚು ತಾನಾಗಿ ಒಳಕ್ಕೆ ಸುತ್ತಿಕೊಳ್ಳುತ್ತದೆ. ಕಣ್ಣು ಮೊದಲಿನಂತಿಲ್ಲ, ಈಗ ಮಧ್ಯಾಹ್ನದ ಬೆಳಕಿನಲ್ಲಿ ಮಾತ್ರ ಕೂರುತ್ತೇನೆ. ನಾಲ್ಕು ಬದಿಗಳಲ್ಲಿ ಎರಡೂವರೆ ಈಗ ನನ್ನ ಹೊಲಿಗೆ, ಉಳಿದದ್ದು ಇನ್ನೂ ಅಕ್ಕನಿಗೆ ಅದನ್ನು ಮಾರಿದವರದ್ದು.